ಸಿದ್ಧಕಟ್ಟೆಯ ಸೇಸಮ್ಮನ ಮದ್ದು

೧೯೬೨ರ ಜನವರಿ ೨೩, ಮಂಗಳವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ಪೂವಮ್ಮ ಎಂಬ ಐವತ್ತೈದರ ಹೆಂಗಸು ಬಂಟ್ವಾಳ ಪೊಲೀಸ್ ಠಾಣೆಯ ಜಗಲಿ ಹತ್ತಿದಳು. ಸಿದ್ಧಕಟ್ಟೆಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಹೆಡ್ ಕಾನ್‌ಸ್ಟೇಬಲ್ ಪದ್ಮಯ್ಯ ಇನ್ನೂ ಚಾ ಮುಗಿಸಿರಲಿಲ್ಲ. ಅವಳು ತುಳುವಿನಲ್ಲಿ ಹೇಳುತ್ತ ಹೋದಳು, ಪದ್ಮಯ್ಯ ಕನ್ನಡದಲ್ಲಿ ಬರೆಯುತ್ತ ಹೋದರು. ಈ ಊರಿನ ದೂರುಗಳೆಲ್ಲ ಹೀಗೇ ಬಾಯಿಂದ ಒಂದು ಭಾಷೆಯಲ್ಲಿ ಹೊರಟು ಕಾಗದಕ್ಕೆ ಇನ್ನೊಂದರಲ್ಲಿ ಇಳಿಯುತ್ತವೆ. ನಡುವೆ ಅತ್ತದ್ದೆಲ್ಲ ಬಿಟ್ಟುಹೋಗುತ್ತದೆ, ಅದನ್ನು ಬರೆಯಲು ಕಾಲಂ ಇಲ್ಲ.

ದೂರು ಇಷ್ಟು. ಪೂವಮ್ಮನ ಮಗ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಸೊಸೆ ವಾರಿಜಾಕ್ಷಿಗೆ ಇಪ್ಪತ್ತು ವರ್ಷ. ಅವಳ ಮೂರೂವರೆ ತಿಂಗಳ ಗಂಡುಮಗು ನಿನ್ನೆ ಸಂಜೆ ಸತ್ತಿದೆ. ಜ್ವರ ಇರಲಿಲ್ಲ, ಹಾವು ಚೇಳು ಮುಟ್ಟಿಲ್ಲ. ತುಟಿ ನೀಲಿಯಾಗಿತ್ತು. ವಿಷ ಕೊಟ್ಟದ್ದು ಸೊಸೆಯೇ.

ಸಬ್ ಇನ್‌ಸ್ಪೆಕ್ಟರ್ ಕಮಲಾಕ್ಷ ಎಂಟಕ್ಕೆ ಬಂದು ದೂರು ಓದಿದರು. ಮೂಡಬಿದ್ರೆಯವರು, ಮಾತು ಕಡಿಮೆ.

"ಸೊಸೆಯ ಮೇಲೆ ಯಾಕೆ ಸಂಶಯ?"

"ಮಗು ಅತ್ತರೆ 'ಇದೊಂದು ಸತ್ತಾದರೂ ಹೋಗಲಿ' ಅಂತ ಬೈತಿದ್ದಳು. ನಾನು ಕಿವಿಯಾರೆ ಕೇಳಿದ್ದೇನೆ."

"ವಿಷ ಕೊಟ್ಟದ್ದನ್ನು ನೋಡಿದ್ದೀಯಾ?"

"ನೋಡ್ಲಿಲ್ಲ. ಕೊಡದೆ ಸಾಯ್ತದಾ ಸಾರ್?"

ಎಫ್.ಐ.ಆರ್. ಆಯಿತು. ಸೆಕ್ಷನ್ ೩೦೨, ಆಪಾದಿತೆ ವಾರಿಜಾಕ್ಷಿ. ಆ ಸಂಖ್ಯೆಯ ತುದಿಯಲ್ಲಿ ನೇಣು ಇದೆಯೆಂದು ಪೂವಮ್ಮನಿಗೆ ಗೊತ್ತಿರಲಿಲ್ಲ. ಕಮಲಾಕ್ಷರಿಗೆ ಗೊತ್ತಿತ್ತು. ಒಂಬತ್ತರ ಬಸ್ಸಿಗೆ ಅವರು ಪದ್ಮಯ್ಯನನ್ನೂ ಒಬ್ಬ ಕಾನ್‌ಸ್ಟೇಬಲನನ್ನೂ ಕರೆದುಕೊಂಡು ಹೊರಟರು.

ಪೂವಮ್ಮನ ಮನೆಯಲ್ಲಿ ಮಗುವನ್ನು ಹಳೆಯ ಸೀರೆಯ ತುಂಡಿನ ಮೇಲೆ ಮಲಗಿಸಿದ್ದರು. ಮೈಮೇಲೆ ಗಾಯವಿಲ್ಲ, ಕುತ್ತಿಗೆಯಲ್ಲಿ ಗುರುತಿಲ್ಲ, ಬಾಯಲ್ಲಿ ನೊರೆಯಿಲ್ಲ. ಪಟೇಲರ ಕಡೆಯ ಇಬ್ಬರ ಎದುರು ಶವದ ಪಂಚನಾಮೆ ಬರೆದು ಮುಗಿಸುವಾಗ ಗಂಟೆ ಹತ್ತೂ ಹತ್ತು. ಕಾನ್‌ಸ್ಟೇಬಲ್ ಶವವನ್ನು ಸರ್ಕಾರಿ ಆಸ್ಪತ್ರೆಗೆ ಕೊಂಡೊಯ್ಯಲು ಎತ್ತಿಕೊಂಡ. ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣ ಶವ. ಅದನ್ನು ಹಿಡಿಯುವ ರೀತಿ ತಿಳಿಯದೆ ಅವನು ಒಮ್ಮೆ ಸುತ್ತ ನೋಡಿದ.

ವಾರಿಜಾಕ್ಷಿ ಗೋಡೆಗೆ ಒರಗಿ ಕೂತಿದ್ದಳು. ಕಾಲಿನಲ್ಲಿ ನಿನ್ನೆಯ ಗದ್ದೆಯ ಕೆಸರು ಹಾಗೇ ಒಣಗಿತ್ತು.

"ಮಗುವಿಗೆ ವಿಷ ಕೊಟ್ಟೆಯಾ?"

"ಇಲ್ಲ."

"ಸತ್ತು ಹೋಗಲಿ ಅಂತ ಹೇಳಿದ್ದು ಹೌದಾ?"

"ಹೌದು. ರಾತ್ರಿಯಿಡೀ ಅಳ್ತಿತ್ತು, ಬೆಳಿಗ್ಗೆ ಎದ್ದು ಗದ್ದೆಗೆ ನೇಜಿ ನೆಡ್ಲಿಕ್ಕೆ ಹೋಗ್ಬೇಕು. ಬಾಯಿಗೆ ಬಂತು, ಹೇಳಿದೆ."

"ನಿನ್ನೆ ಹಗಲು ಮಗು ಎಲ್ಲಿತ್ತು?"

ಅವಳು ಪದ್ಮಯ್ಯನ ಮುಖ ನೋಡಿದಳು. "ಸೇಸಕ್ಕನ ಹತ್ತಿರ. ನೇಜಿಗೆ ಹೋಗುವವರ ಮಕ್ಕಳನ್ನೆಲ್ಲ ಅವರೇ ನೋಡಿಕೊಳ್ಳುವುದು. ಸಂಜೆ ಆರಕ್ಕೆ ಮನೆಗೆ ತಂದೆ. ಮಲಗಿತ್ತು. ಏಳಲಿಲ್ಲವಲ್ಲ, ಸದ್ಯ ಗಂಜಿ ಕುಡಿಯುವ ಅಂತ ಕುಡಿದೆ. ಹಾಲು ಕೊಡ್ಲಿಕ್ಕೆ ಎತ್ತಿದರೆ ತಣ್ಣಗಿತ್ತು."

"ಸೇಸಕ್ಕ ಎಂಥ ಕೊಟ್ಟಿದ್ದಳು?"

"ಮದ್ದು. ಎಲ್ಲ ಮಕ್ಕಳಿಗೂ ಕೊಡುವುದು."

ಅಂಗಳಕ್ಕೆ ಇಳಿದ ಮೇಲೆ ಪದ್ಮಯ್ಯ ಟೊಪ್ಪಿ ತೆಗೆದು ಹಣೆ ಒರೆಸಿಕೊಂಡರು. "ಸಾರ್, ಮದ್ದು ಅಂದರೆ ಅಫೀಮು. ಬಜೆ ತೇಯುವ ಕಲ್ಲಿನಲ್ಲೇ ತೇಯ್ದು, ತಾಯಿ ಹಾಲಿನಲ್ಲಿ ಕಲಸಿ, ಬೆರಳ ತುದಿಯಲ್ಲಿ ನೆಕ್ಕಿಸುವುದು. ಮಗು ಸಂಜೆ ತನಕ ಮಲಗ್ತದೆ."

"ನಿಮಗೆ ಹೇಗೆ ಗೊತ್ತು?"

"ನನಗೂ ಕೊಟ್ಟಿದ್ದಾರೆ ಸಾರ್. ನಮ್ಮ ಕೇರಿಯಲ್ಲಿ ಎಲ್ಲರಿಗೂ ಕೊಟ್ಟದ್ದೇ. ಇದನ್ನು ವಿಷ ಅಂತ ಯಾರೂ ಎಣಿಸುವುದಿಲ್ಲ."

ಕಮಲಾಕ್ಷರ ನಡಿಗೆ ಚುರುಕಾಯಿತು. "ಇವತ್ತು ಕೂಡ ನೇಜಿ ಉಂಟಲ್ಲ?"

"ಉಂಟು."

"ಹಾಗಾದ್ರೆ ಇವತ್ತಿನ ಮಕ್ಕಳು?"

ಪದ್ಮಯ್ಯ ಓಡಿದರು. ಹೊಟ್ಟೆ ಬಂದ ಆ ಮನುಷ್ಯ ಗದ್ದೆಯ ಹುಣಿಯ ಕಿರುದಾರಿಯ ಮೇಲೆ ಹಾಗೆ ಓಡಿದ್ದನ್ನು ಊರು ಮೊದಲ ಸಲ ನೋಡಿತು.

ಸೇಸಮ್ಮನ ಮನೆ ಗದ್ದೆಯ ಆಚೆ ಬದಿಯಲ್ಲಿ. ಚಾಪೆಯ ಮೇಲೆ ನಾಲ್ಕು ಮಕ್ಕಳು ಸಾಲಾಗಿ ಮಲಗಿದ್ದವು. ಬೂಟಿನ ಸದ್ದಿಗೆ ಒಂದೂ ಅಲುಗಲಿಲ್ಲ. ಹಗಲು ಹತ್ತೂವರೆಗೆ ನಾಲ್ಕು ಮಕ್ಕಳಿರುವ ಮನೆ ಅಷ್ಟು ಸದ್ದಿಲ್ಲದೆ ಇರುವುದುಂಟೇ! ಕಮಲಾಕ್ಷ ಕುಕ್ಕುರುಗಾಲಿನಲ್ಲಿ ಕೂತು ತುದಿಯ ಮಗುವಿನ ರೆಪ್ಪೆ ಎತ್ತಿದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಉಸಿರು ಬಂದು, ನಿಂತು, ಮರೆತು ಹೋಯಿತೋ ಎನ್ನುವಾಗ ಮತ್ತೆ ಬರುತ್ತಿತ್ತು.

"ಬಸ್ಸು ನಿಲ್ಲಿಸಿ ಪದ್ಮಯ್ಯ. ತಾಯಂದಿರನ್ನು ಕರೀರಿ."

ಮೂಡಬಿದ್ರೆಯಿಂದ ಬರುವ ಬಸ್ಸು ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಸಿಕ್ಕಿತು. ನಾಲ್ವರು ಹೆಂಗಸರು ಕೈಯಲ್ಲಿ ನೇಜಿಯ ಕಟ್ಟು ಹಿಡಿದವರು ಹಿಡಿದ ಹಾಗೇ ಓಡಿಬಂದು ಮಕ್ಕಳ ಜೊತೆ ಹತ್ತಿದರು. ಡ್ರೈವರ್ ದಾರಿಯಲ್ಲಿ ಕೈ ಮಾಡಿದವರಿಗೆ ಯಾರಿಗೂ ನಿಲ್ಲಿಸದೆ ಬಂಟ್ವಾಳದ ಆಸ್ಪತ್ರೆಯ ಗೇಟಿಗೇ ಬಸ್ಸು ತಂದ. ಅವನ ಹೆಸರು ಕೇಸಿನ ಯಾವ ಕಾಗದದಲ್ಲೂ ಇಲ್ಲ, ಇರಬೇಕಿತ್ತು.

ಕಮಲಾಕ್ಷ ಅಲ್ಲೇ ಉಳಿದರು. ಜಗಲಿಯಲ್ಲಿ ಸೇಸಮ್ಮನ ಗಂಡ ಹುಕ್ರಪ್ಪ ಕಂಬಳಿ ಹೊದ್ದು ಕೂತಿದ್ದ. ಹಳೆಯ ಅಫೀಮು ತಿನ್ನುವವನು. ಮೂರು ವರ್ಷದ ಹಿಂದೆ ಸರ್ಕಾರ ಅಫೀಮು ನಿಲ್ಲಿಸಿದಾಗ ಇಂಥ ಹಳಬರಿಗೆ ಮಾತ್ರ ಡಾಕ್ಟರರ ಚೀಟಿಯ ಮೇಲೆ ಕಾರ್ಡು ಕೊಟ್ಟಿತ್ತು. ತಿಂಗಳಿಗೊಮ್ಮೆ ಅಬಕಾರಿ ಡಿಪೋದಲ್ಲಿ ಕಾರ್ಡು ತೋರಿಸಿ ಅಳೆದು ಕೊಟ್ಟಷ್ಟು ತರಬೇಕು, ತಾನೇ ತಿನ್ನಬೇಕು. ವರ್ಷ ವರ್ಷ ಆ ಅಳತೆ ಇಳಿಯುತ್ತಿತ್ತು.

ಅಟ್ಟದಲ್ಲಿ ಎರಡು ಡಬ್ಬಿ ಸಿಕ್ಕವು. ಪಂಚರ ಎದುರು ಮಹಜರು ನಡೆಯಿತು.

"ಇದು ಯಾರದ್ದು?"

"ಸಣ್ಣದು ಮಕ್ಕಳದ್ದು. ದೊಡ್ಡದು ಇವರದ್ದು," ಎಂದಳು ಸೇಸಮ್ಮ. ಎಪ್ಪತ್ತು ದಾಟಿರಬೇಕು, ಎರಡೂ ಕಣ್ಣಿಗೆ ಪೊರೆ.

"ಮಕ್ಕಳದ್ದು ಎಲ್ಲಿಂದ?"

"ಮುಂಚೆ ಇವರದ್ದರಿಂದಲೇ ಚೂರು ತೆಗೀತಿದ್ದೆ. ಇವರಿಗೇ ಸಾಕಾಗುವುದಿಲ್ಲ ಅಂತ ಆದ ಮೇಲೆ ಮಡಂತ್ಯಾರು ಸಂತೆಯಿಂದ. ಬೇರು ಮಾರುವ ಅಣ್ಣು ಕೊಡ್ತಾನೆ."

"ಎಷ್ಟು ಕೊಡುವುದು?"

"ಇವರದ್ದಾದರೆ ಸಾಸಿವೆಯಷ್ಟು. ಸಂತೆಯದ್ದಕ್ಕೆ ಜೋರಿಲ್ಲ, ಹೆಸರುಕಾಳಿನಷ್ಟು ಬೇಕು."

ಕಮಲಾಕ್ಷ ಎರಡೂ ಡಬ್ಬಿ ಬಿಸಿಲಿಗೆ ಹಿಡಿದರು. ದೊಡ್ಡ ಡಬ್ಬಿಯಲ್ಲಿದ್ದದ್ದು ಮರಳು ಮರಳಾದ ಅಂಟು ಉಂಡೆ, ಬೆಲ್ಲದ ವಾಸನೆ. ಮಕ್ಕಳ ಡಬ್ಬಿಯಲ್ಲಿದ್ದ ತುಂಡು ನುಣ್ಣಗಿತ್ತು. ಅಡಿಯಲ್ಲಿ ಡಿಪೋದ ಮೇಣದ ಕಾಗದ ಅಂಟಿಕೊಂಡಿತ್ತು.

"ಇದು ಸರ್ಕಾರದ್ದು. ಮಕ್ಕಳ ಡಬ್ಬಿಗೆ ಹೇಗೆ ಬಂತು?"

"ಎಂಥ?" ಸೇಸಮ್ಮ ಕೈ ಚಾಚಿ ಬೆರಳಿನಿಂದ ತಡವಿದಳು. "ಮೆತ್ತಗೆ ಅಂತ ನಿನ್ನೆಯೇ ಅನಿಸಿತು ನನಗೆ. ಬಿಸಿಲಿಗೆ ಕರಗಿರಬೇಕು ಅಂತ ಎಣಿಸಿದೆ. ದೇವರೇ! ಯಾರು ಹಾಕಿದ್ದು ಇದನ್ನು?"

"ನಾನು," ಎಂದ ಹುಕ್ರಪ್ಪ.

ಅವನು ಹೇಳಿದ್ದನ್ನು ಕಮಲಾಕ್ಷರೇ ಬರೆದುಕೊಂಡರು. ಭಾನುವಾರ ಡಿಪೋದ ತುಂಡು ಅವನ ಕೈಯಲ್ಲಿತ್ತು. ಸಂತೆಯ ಅಫೀಮಿನಲ್ಲಿ ಬೂದಿ, ಕಾಚು, ಹಾಳುಮೂಳು ಹಾಕುತ್ತಾರೆಂದು ಯಾರೋ ಹೇಳಿದ್ದರು. ಹಾಲು ಕುಡಿಯುವ ಮಕ್ಕಳ ಹೊಟ್ಟೆಗೆ ಆ ಕೊಳಕು ಯಾಕೆ ಎಂದು ತನ್ನ ಚೊಕ್ಕದ್ದನ್ನು ಅವರ ಡಬ್ಬಿಗೆ ಹಾಕಿ, ಸಂತೆಯದ್ದನ್ನು ತಾನು ತೆಗೆದುಕೊಂಡ. ಹೆಂಡತಿಗೆ ಹೇಳಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಬೈತಾಳೆ. 'ನಿಮಗೆ ಮೈ ನಡುಗ್ತದೆ, ನಿಮ್ಮದನ್ನು ನೀವೇ ತಿನ್ನಿ' ಅಂತ ಬೈತಾಳೆ." ಕಂಬಳಿಯ ಒಳಗೆ ಅವನು ನಡುಗುತ್ತಲೇ ಇದ್ದ. "ನನ್ನನ್ನು ಕೊಂಡೋಗಿ ಸಾರ್. ಅವಳಿಗೆ ಗೊತ್ತಿಲ್ಲ."

"ಕೊಟ್ಟ ಕೈ ನನ್ನದು," ಎಂದಳು ಸೇಸಮ್ಮ. "ನೀವು ಸುಮ್ಮನಿರಿ."

ಸಂಜೆ ಆಸ್ಪತ್ರೆಯ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಹಗಲಿಡೀ ನಾಲ್ಕು ಮಕ್ಕಳಿಗೆ ಕಪ್ಪು ಕಾಫಿ ಹನಿಸಿ, ಅಂಗಾಲು ತಟ್ಟಿ, ಮಲಗದ ಹಾಗೆ ನೋಡಿಕೊಂಡಿದ್ದರು.

"ನಾಲ್ಕೂ ಬದುಕಿದವು. ಇವಕ್ಕೆ ತಿಂಗಳಾನುಗಟ್ಟಲೆ ತಿಂದು ಅಭ್ಯಾಸ, ಹಾಗಾಗಿ ತಡೆದವು. ಸತ್ತದ್ದು ಸಣ್ಣದು, ಮದ್ದಿಗೆ ಹೊಸತು."

"ಸರ್ಕಾರದ್ದು ಚೊಕ್ಕ ಅಂತ ಹಾಕಿದನಂತೆ."

"ಚೊಕ್ಕ ಆದದ್ದಕ್ಕೇ ಕೊಂದದ್ದು. ಡಿಪೋದ್ದಾಗಲಿ ಸಂತೆಯದ್ದಾಗಲಿ, ಮಗುವಿನ ಹೊಟ್ಟೆಗೆ ಕಾರ್ಡು ಓದ್ಲಿಕ್ಕೆ ಬರ್ತದಾ? ಒಂದೇ ಮದ್ದು, ನಾನು ಅಳೆದು ಕೊಟ್ಟರೆ ನೋವಿಗೆ ಆಗ್ತದೆ." ಡಾಕ್ಟರು ದನಿ ತಗ್ಗಿಸಿದರು. "ಇನ್ನು ಐದಾರು ದಿನ ಈ ಮಕ್ಕಳು ಅಳ್ತವೆ. ಏನೂ ಕೊಡದೆ ಅಳ್ಲಿಕ್ಕೆ ಬಿಡ್ಬೇಕು. ತಾಯಂದಿರಿಗೆ ಹೇಳಿದ್ದೇನೆ, ಎಷ್ಟು ಕೇಳ್ತಾರೋ."

ಜನವರಿ ೨೪, ಬುಧವಾರ. ಮಡಂತ್ಯಾರಿನಲ್ಲಿ ಅಣ್ಣುವನ್ನು ಬೇರಿನ ಚೀಲದ ಸಮೇತ ಹಿಡಿದು ಬೇರೆ ಕೇಸು ದಾಖಲಿಸಿದರು. ಹುಕ್ರಪ್ಪನ ಕಾರ್ಡು ವಶಕ್ಕೆ ಹೋಯಿತು, ನಡುಕ ತಾಳಲಾರದ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನ ಮೂರೂ ಕಾಲಿಗೆ ಸೇಸಮ್ಮನ ದಸ್ತಗಿರಿಯಾಯಿತು. ೩೦೨ ಹೋಗಿ ೩೦೪-ಎ ಬಂತು, ಅಜಾಗರೂಕತೆಯಿಂದಾದ ಸಾವು. ಜೊತೆಗೆ ಅಫೀಮು ಕಾಯ್ದೆ.

ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಮೊದಲು ಕಮಲಾಕ್ಷ ಒಂದು ಪ್ರಶ್ನೆ ಕೇಳಿದರು, ಕೇಸಿಗೆ ಬೇಡದ ಪ್ರಶ್ನೆ. "ಇದನ್ನೆಲ್ಲ ಯಾಕೆ ಶುರು ಮಾಡಿದಿರಿ ಅಜ್ಜಿ?"

ಸೇಸಮ್ಮನಿಗೂ ಒಂದು ಹೆಣ್ಣುಮಗು ಇತ್ತು. ಮೂವತ್ತೆಂಟು ವರ್ಷದ ಹಿಂದಿನ ಮಾತು. ಗದ್ದೆಯ ಬದಿಯಲ್ಲಿ ಬುಟ್ಟಿಯಲ್ಲಿ ಕೂರಿಸಿ ನೇಜಿ ನೆಡುತ್ತಿದ್ದಳು. ಮಗು ಬುಟ್ಟಿಯಿಂದ ಇಳಿದು ಅಂಬೆಗಾಲಿಡುತ್ತ ಕೆರೆಗೆ ಹೋಗಿ ಬಿತ್ತು. ಬಗ್ಗಿದ ತಲೆ ಎತ್ತಿ ನೋಡುವುದರೊಳಗೆ ಮುಗಿದಿತ್ತು. ಮುಂದಿನ ವರ್ಷದಿಂದ ಊರಿನವರ ಮಕ್ಕಳನ್ನೆಲ್ಲ ತಾನೇ ನೋಡಿಕೊಳ್ಳುತ್ತೇನೆಂದು ಹೊರಟಳು. ಯಾವ ಮಗುವೂ ಚಾಪೆ ಬಿಟ್ಟು ಕದಲಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು. ಇದನ್ನು ಪದ್ಮಯ್ಯ ಕಾಗದಕ್ಕೆ ಇಳಿಸಲಿಲ್ಲ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಯ ಜಗಲಿಯಲ್ಲಿ ಮಕ್ಕಳ ಅಳು ಎದ್ದಿತು. ಆಸ್ಪತ್ರೆಯಿಂದ ಹೊರಟ ತಾಯಂದಿರು ನೇರ ಇಲ್ಲಿಗೇ ಬಂದಿದ್ದರು. ಮಕ್ಕಳ ಮುಖ ಕೆಂಪಾಗಿತ್ತು, ದನಿ ಒಡೆದಿತ್ತು, ಕೈಕಾಲು ಸೆಟೆದುಕೊಳ್ಳುತ್ತಿದ್ದವು. ರಾಜೀವಿ ಎಂಬವಳು ಮುಂದೆ ಬಂದಳು. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ.

"ಸಾರ್, ಆ ಡಬ್ಬಿ ನಿಮ್ಮ ಹತ್ತಿರ ಉಂಟಲ್ಲ. ಒಂದು ಸಾಸಿವೆಯಷ್ಟು ಕೊಡಿ. ಇವತ್ತಿಗೆ ಮಾತ್ರ."

"ಕೊಡ್ಲಿಕ್ಕಾಗುವುದಿಲ್ಲ."

"ಮತ್ತೆ ಇದನ್ನು ಎಲ್ಲಿ ಬಿಡ್ಲಿ? ಸೇಸಕ್ಕನನ್ನು ನೀವು ಒಳಗೆ ಹಾಕಿದಿರಿ. ನೇಜಿ ಇನ್ನೂ ಅರ್ಧ ಉಂಟು. ಬೆನ್ನಿಗೆ ಕಟ್ಟಿಕೊಂಡು ನೆಡ್ಲಾ?"

ಕಮಲಾಕ್ಷ ಒಳಗಿನಿಂದ ಬೆಂಚು ತರಿಸಿ ತಾಯಂದಿರಿಗೆ ಹಾಕಿಸಿದರು.

ಅಷ್ಟರಲ್ಲಿ ಸಹಿಗೆ ಬರಹೇಳಿದ್ದ ವಾರಿಜಾಕ್ಷಿ ಮೆಟ್ಟಿಲು ಹತ್ತಿ ಬಂದಳು. ಪೂವಮ್ಮ ಅಂಗಳದಲ್ಲೇ ಸೆರಗು ಬಾಯಿಗೆ ಒತ್ತಿ ನಿಂತಳು. ಕಮಲಾಕ್ಷರಿಗೆ ವಾರಿಜಾಕ್ಷಿಯನ್ನು ಕಂಡು ಒಂದಿಷ್ಟು ಸಮಾಧಾನವಾಯಿತು, ಇವಳಿಗಾದರೂ ಹೇಳಲು ಒಳ್ಳೆಯದೊಂದಿತ್ತು.

"ನಿನ್ನ ಮೇಲೆ ಕೇಸಿಲ್ಲಮ್ಮ. ಹೆಸರು ತೆಗೆದಾಯಿತು."

"ಹೌದಾ?" ಎಂದಳು ವಾರಿಜಾಕ್ಷಿ. "ಇದು ಬಹಳ ಅಳ್ತದೆ, ಇದಕ್ಕೂ ಮದ್ದು ಕೊಡಿ ಅಂತ ಸೇಸಕ್ಕನಿಗೆ ಹೇಳಿದ್ದು ನಾನೇ ಸಾರ್. ಅದಕ್ಕೆ ಕೇಸಿಲ್ವಾ?"

ಉತ್ತರಕ್ಕೆ ಕಾಯದೆ ಅವಳು ರಾಜೀವಿಯ ಕಡೆ ತಿರುಗಿ ಎರಡೂ ಕೈ ಚಾಚಿದಳು. ಮಗು ಸತ್ತು ಮೂರು ದಿನವಾಗದವಳ ಕೈಗೆ ಕೊಡುವುದೋ ಬೇಡವೋ ಎಂದು ರಾಜೀವಿ ಒಂದು ಗಳಿಗೆ ಹಿಂದೆಮುಂದೆ ನೋಡಿ, ಕೊಟ್ಟಳು. ವಾರಿಜಾಕ್ಷಿಯ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದಳು. ಮಗು ಕಿರುಚಿತು, ಅವಳ ಕೂದಲು ಹಿಡಿದೆಳೆಯಿತು, ಮತ್ತೆ ಕಿರುಚಿತು. ಹನ್ನೊಂದರ ಬಸ್ಸು ಬರುವವರೆಗೂ ಅವಳು ನಡೆಯುತ್ತಲೇ ಇದ್ದಳು. ಒಂದು ಸಲವೂ ಅದಕ್ಕೆ ಅಳಬೇಡ ಎಂದು ಹೇಳಲಿಲ್ಲ.