ಸೀಳುತುಟಿಯ ಮರಿ

"ತುಟಿ ಸೀಳಿದೆ, ಅಂಗುಳವೂ ಸೀಳಿದೆ. ಇದು ಹಾಲು ಕುಡಿಯಲ್ಲ. ನಾಳೆ ಬೆಳಗ್ಗೆ ಡಾಕ್ಟರ್ ಹತ್ರ ಒಯ್ದು ಸಾಯೋ ಸೂಜಿ ಚುಚ್ಚಿಸಿಬಿಡು," ಎಂದಳು ಮಾರ್ಲಿಸ್, ಮಗಳು ಇಂಗ್ರಿಡಳ ಅಂಗೈಯಲ್ಲಿದ್ದ ಚಿವಾವಾ ನಾಯಿಮರಿಯನ್ನು ನೋಡಿ.

ಆಗಲೇ ಅಡುಗೆಮನೆಯ ಬಾಗಿಲಲ್ಲಿ ಅವನು ನಿಂತಿದ್ದ. ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿಗೆ ಬಂದ ಲೋರೆನ್. ಅಮೆರಿಕದ ಮಿನ್ನೆಸೋಟಾದಲ್ಲಿ ಕೊರೆಯುವ ಜನವರಿ, ಮನೆ ತಣ್ಣಗಾದರೆ ಒಂದು ಮರಿಯೂ ಉಳಿಯುವುದಿಲ್ಲ.

ಇಂಗ್ರಿಡ್ ತಲೆಯೆತ್ತಿದಳು. ಅವನ ಮೇಲ್ತುಟಿಯಿಂದ ಮೂಗಿನವರೆಗೂ ಹೊಲಿಗೆಯ ಗೆರೆಯಿತ್ತು.

"ನಾನೂ ಹೀಗೇ ಹುಟ್ಟಿದ್ದು," ಎಂದ ಅವನು. "ಇದನ್ನ ನನಗೆ ಕೊಡ್ತೀರಾ?"

"ನಿನ್ನನ್ನ ಹೊಲಿದವರು ಸ್ವಲ್ಪ ನೋಡ್ಕೊಂಡು ಹೊಲೀಬಹುದಿತ್ತಪ್ಪ," ಮಾರ್ಲಿಸ್ ನಕ್ಕಳು. "ಮೂವತ್ತು ವರ್ಷದಿಂದ ಮರಿ ಬೆಳೆಸಿ ಮಾರ್ತಿದೀವಿ. ಊನ ಇರೋದು ಈ ಹೊಸ್ತಿಲು ದಾಟಿ ಯಾರ ಮನೆಗೂ ಹೋಗಿಲ್ಲ."

ಲೋರೆನ್ ಇಂಗ್ರಿಡಳನ್ನಷ್ಟೇ ನೋಡಿದ. "ನಾಳೆ ಹಾಲು, ಕುಡಿಸೋ ನಳಿಗೆ ಎಲ್ಲಾ ತರ್ತೀನಿ. ಅಲ್ಲೀವರೆಗೆ ನೋಡ್ಕೋತೀರಾ?"

ಅವಳು ಹೂಂಗುಟ್ಟಿದಳು.

ಮರುದಿನ ಅವನು ಬಂದಾಗ ಮರಿ ಇರಲಿಲ್ಲ.

"ನಿಮ್ಮಮ್ಮನ ಕೆಲಸಾನಾ?"

ಇಂಗ್ರಿಡ್ ತಲೆ ತಗ್ಗಿಸಿದಳು. ಅವಳ ಕಣ್ಣೀರನ್ನೇ ಅವನು ಉತ್ತರವೆಂದುಕೊಂಡ. ಆದರೆ ಮರಿಯನ್ನು ಡಾಕ್ಟರ್ ಹತ್ತಿರ ಒಯ್ದವಳು ಇಂಗ್ರಿಡಳೇ. 'ಇಷ್ಟು ಮಾಡೋಕಾಗದ ಕೈ ನನ್ನ ಮರಿಗಳನ್ನ ಮುಟ್ಟೋದು ಬೇಡ' ಎಂದಿದ್ದಳು ಅಮ್ಮ. ಅಷ್ಟಕ್ಕೇ ಇಂಗ್ರಿಡ್ ಸೋತಿದ್ದಳು.

ಆಮೇಲೆ ಅವನು ಪೈಪು ಬಿಗಿಯಲು ಬಂದ, ಕಾಫಿಗೆ ಬಂದ, ಕೊನೆಗೆ ಅವಳಿಗಾಗಿಯೇ ಬಂದ. ಕೈ ಹಿಡಿದಾಗಲೆಲ್ಲ ಅವಳು ಒಳಗೊಳಗೇ ಬೇಯುತ್ತಿದ್ದಳು. ಇವತ್ತು ಹೇಳಿಬಿಡಲೇ... ಹೇಳಿದರೆ ಇವನು ಉಳಿಯುತ್ತಾನೆಯೇ...

ಏಪ್ರಿಲಿನ ಒಂದು ಭಾನುವಾರ, ಅವನು ಉಂಗುರ ತೊಡಿಸಿದ ಮಧ್ಯಾಹ್ನ, ಮಾರ್ಲಿಸ್ ಆಲೂಗಡ್ಡೆಯ ಬಟ್ಟಲನ್ನು ಮುಂದೆ ಸರಿಸುತ್ತ ಅಂದಳು: "ನಾಯಿಗಳಾಗಿದ್ರೆ ಈ ಜೋಡೀನ ನಾನು ಕೂಡಿಸ್ತಿರಲಿಲ್ಲ ಕಣೇ."

"ಪುಣ್ಯಕ್ಕೆ ಇವಳಿಗೆ ನಿಮ್ಮ ಮನಸ್ಸು ಬಂದಿಲ್ಲ," ಎಂದ ಲೋರೆನ್. "ಆ ಮರೀನ ಸಾಯಿಸಿದ್ದು ನೀವು."

"ನಾನಾ? ಅವತ್ತು ನಾನು ಮನೆ ಬಿಟ್ಟು ಕದಲಿಲ್ಲಪ್ಪ. ಒಯ್ದವಳು ನಿನ್ನ ಪಕ್ಕದಲ್ಲೇ ಕೂತಿದ್ದಾಳೆ, ಕೇಳು."

ಅವನು ಕೇಳಲಿಲ್ಲ. ಇಂಗ್ರಿಡಳ ಮುಖ ನೋಡಿದ, ಎದ್ದು ಹೋದ.

ನಾಲ್ಕು ದಿನ ಫೋನ್ ಎತ್ತಲಿಲ್ಲ. ಐದನೆಯ ದಿನ ಇಂಗ್ರಿಡ್ ಅವನ ವರ್ಕ್‌ಶಾಪಿಗೇ ಹೋದಳು.

"ಯಾಕೆ ಮುಚ್ಚಿಟ್ಟೆ?"

"ಹೇಳಿದ್ರೆ ನೀನು ಬರ್ತಿರಲಿಲ್ಲ."

"ನಿಜ. ಬರ್ತಿರಲಿಲ್ಲ." ಅವನು ಸ್ಪ್ಯಾನರ್ ಕೆಳಗಿಟ್ಟ. "ನನ್ನ ಮುಖ ನೋಡಿದಾಗ ಅದು ನೆನಪಾಗತ್ತಾ?"

"ಪ್ರತಿ ಸಲ... ಮುತ್ತು ಕೊಡುವಾಗಲೂ."

ಸುಳ್ಳು ಹೇಳಬಹುದಿತ್ತು, ಈ ಸಲ ಅವಳಿಗೆ ಮನಸ್ಸಾಗಲಿಲ್ಲ.

"ನಮ್ಮ ಮಗೂಗೂ ಹೀಗೇ ಆದ್ರೆ, ಇಂಗ್ರಿಡ್? ನಿಮ್ಮಮ್ಮ ಬಂದು ಏನಾದ್ರೂ ಅಂದ್ರೆ?"

"ಭಯ ಆಗತ್ತೆ. ಆದ್ರೂ ಹಾಲು ಕುಡಿಸ್ತೀನಿ. ಅಮ್ಮನ್ನ ಒಳಗೆ ಬಿಡಲ್ಲ. ನಾಯಿಗಳನ್ನೆಲ್ಲ ಅವಳಿಗೇ ಬಿಟ್ಟು ಬಂದಿದೀನಿ."

"ನಿನ್ನ ಕೈ ಹೇಗೆ ನಂಬಲಿ?"

"ನಂಬಬೇಡ," ಎಂದಳು ಅವಳು. "ಪಕ್ಕದಲ್ಲೇ ಕೂತು ನೋಡ್ತಾ ಇರು."

ಅವನು ಬೆಂಚಿನ ಮೇಲಿದ್ದ ಪೈಪುಗಳನ್ನು ಒಂದೊಂದಾಗಿ ತೆಗೆದು, ಒಬ್ಬರು ಕೂರುವಷ್ಟು ಜಾಗ ಮಾಡಿದ.

"ಎಷ್ಟು ವರ್ಷ ನೋಡ್ತಾ ಇರಲಿ?"

"ನಿನಗೆ ಸಾಕಾಗೋವರೆಗೂ."

"ಹಾಗಾದ್ರೆ ಕೂತ್ಕೋ," ಎಂದ.