ದೀಪದ ಭೂತ ಕೊನೆಗೆ ಮಲಗಿತು

ಬಹಳ ಬಹಳ ಹಿಂದೆ, ಬೆಟ್ಟದಂಥ ಆಮೆಯೊಂದರ ಬೆನ್ನ ಮೇಲೆ ಒಂದು ರಾಜ್ಯವಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಆಮೆ ಕಡಲಲ್ಲಿ ಮುಳುಗಿ ಏಳುತ್ತಿತ್ತು. ಆಗ ಜನರೆಲ್ಲ ನಿದ್ದೆಹೋಗುತ್ತಿದ್ದರು. ಎದ್ದಮೇಲೆ ಓಲೆಯಲ್ಲಿ ಬರೆದಿದ್ದಷ್ಟೇ ಅವರಿಗೆ ನೆನಪು.

ಅರಮನೆಯ ನೆಲದಡಿ ಮೂರು ಭೂತಗಳು ಊರವರ ಕಣ್ಣಿಗೆ ಬೀಳದೆ ದುಡಿಯುತ್ತಿದ್ದವು. ಬಾಗಿಲ ಭೂತ ಊರಿನ ಮಾತುಗಳನ್ನೆಲ್ಲ ಒಳಗೆ ತರುತ್ತಿತ್ತು. ಓಲೆಯ ಭೂತ ಬರೆಯುತ್ತಿತ್ತು. ದೀಪದ ಭೂತ ಬೆಳಕು ಹಿಡಿಯುತ್ತಿತ್ತು. ಆಮೆ ಮುಳುಗುವ ಮುಂಚೆ ಮೂರನ್ನೂ ಮಲಗಿಸುವುದು ಅರಮನೆಯ ನೆಲ ಗುಡಿಸುವವರ ಕೆಲಸ.

"ಕೀಳಾದದ್ದು ಮೊದಲು ಮಲಗಲಿ! ದೀಪದ್ದನ್ನು ಮಲಗಿಸು!" ಎಂದು ಮಾಟದ ಮಂತ್ರಿ ಕರಾಳಸೇನ ಅಪ್ಪಣೆ ಮಾಡಿದ್ದ.

ಕೀಳಂತೆ! ಅದಿಲ್ಲದಿದ್ದರೆ ಅವನಿಗೆ ಅವನ ಮೂಗೂ ಕಾಣದು. ಹೋದ ಸಲ ಹಾಗೇ ಮಾಡಿಸಿದ್ದ. ಕತ್ತಲಲ್ಲಿ ಬರಹ ಅರ್ಧಕ್ಕೇ ನಿಂತಿತು. ನೆಲ ಗುಡಿಸುವ ಸಣ್ಣೀರಿ ಆಗ ಆರು ವರ್ಷದವಳು. ಎದ್ದಾಗ ಅವಳ ಅವ್ವ, "ಯಾರ ಮಗುವೇ ನೀನು?" ಎಂದಿದ್ದಳು. ಮತ್ತೆ ಮಗಳೇ ಎಂದು ಕರೆಯಲು ಅವ್ವನಿಗೆ ವರ್ಷಗಳೇ ಹಿಡಿದವು.

ಈ ಸಲ ಸಣ್ಣೀರಿ ದೀಪದ ಭೂತದ ಹಣೆ ಮುಟ್ಟಿ ಕೇಳಿದಳು: "ಅಣ್ಣಾ, ನೀನು ಮಲಗಿದರೆ ಯಾರ ಕೈ ನಿಲ್ಲುತ್ತೆ?"

"ಓಲೆಯವನದು."

ಓಲೆಯ ಭೂತದ ಬಳಿ ಹೋದಳು. "ಅಣ್ಣಾ, ನೀನು ಮಲಗಿದರೆ ಯಾರ ಕೈ ನಿಲ್ಲುತ್ತೆ?"

"ಬಾಗಿಲವನದು. ಮಾತು ತಂದು ಯಾರಿಗೆ ಕೊಡ್ತಾನೆ?"

ಬಾಗಿಲ ಭೂತದ ಬಳಿ ಹೋದಳು. "ಅಣ್ಣಾ, ನೀನು ಮಲಗಿದರೆ?"

"ಯಾರದ್ದೂ ಇಲ್ಲ ತಾಯಿ."

"ಹಾಗಾದ್ರೆ ಮೊದಲು ನೀನೇ."

ಹೊರಗೆ ಕರಾಳಸೇನ ಅಬ್ಬರಿಸಿದ: "ಏ ಕಸದವಳೇ, ದೀಪ ಆರಿಸು! ಕಂಡವರ ಹೊಲವನ್ನೆಲ್ಲ ನುಂಗಿದ್ದೇನೆ. ಇವರು ಮರೆತರೆ ತಾನೇ ನಾನು ಮಂತ್ರಿ!"

ಬಾಗಿಲ ಭೂತ ಆ ಮಾತನ್ನೂ ಒಳಗೆ ತಂದು, ಕದವಿಕ್ಕಿ ಮಲಗಿತು.

ಮಂತ್ರಿ ಕದದ ಸಂದಿಯಿಂದ ಮಂತ್ರದ ಗಾಳಿ ಊದಿದ. ಸಣ್ಣೀರಿ ಉರಿಯುವ ಬತ್ತಿಯನ್ನು ಬೊಗಸೆಯಲ್ಲಿ ಮುಚ್ಚಿ ಹಿಡಿದಳು. ಅಂಗೈ ಬೆಂದಿತು. ಆಮೆ ಮುಳುಗತೊಡಗಿ ಕಣಕಾಲಿನವರೆಗೆ ನೀರೇರಿತು. ಅವಳು ಕೈ ತೆಗೆಯಲಿಲ್ಲ. ತನ್ನ ಬೆರಳ ಸಂದಿಯ ಬೆಳಕಿನಲ್ಲಿ ಇಡೀ ರಾಜ್ಯದ ನೆನಪು ಚಿನ್ನದ ಇರುವೆಗಳ ಸಾಲಿನಂತೆ ಓಲೆಗೆ ಹರಿಯುವುದನ್ನು ನೋಡಿದಳು.

"ಮುಗೀತಾ ಅಣ್ಣಾ?"

"ಇನ್ನೊಂದು ಸಾಲು."

ಕಾದಳು.

"ಮುಗೀತು" ಎಂದು ಓಲೆಯ ಭೂತ ಮಲಗಿತು. ಕಡೆಗೆ ದೀಪದ ಭೂತ ಮಲಗಿತು. ಆಮೆ ಮುಳುಗಿತು.

ಆಮೆ ಎದ್ದಾಗ ಅವ್ವ ಓಡಿಬಂದು, "ಸಣ್ಣೀರಿ, ಕೈಗೇನಾಯ್ತೇ ಮಗಳೇ?" ಎಂದಳು.

ಊರೂ ಎದ್ದಿತು. ಎಲ್ಲರಿಗೂ ನೆನಪಿದ್ದ ಕಟ್ಟಕಡೆಯ ಮಾತು ಮಂತ್ರಿಯದೇ. ಜನ ಅವನನ್ನು ಕಡಲಿಗೆ ನೂಕಿ, ತಮ್ಮ ಹೊಲಗಳಿಗೆ ನಡೆದರು. ಅಂದಿನಿಂದ ಆ ರಾಜ್ಯದಲ್ಲಿ ದೀಪ ಹಿಡಿದವರನ್ನು ಕೀಳೆಂದವರಿಲ್ಲ. ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು.