ಪಾಯಿಂಟು ಅರ್ಧಕ್ಕಿಳಿದ ತಿಂಗಳು

ಉಮಾಕಾಂತ ಲೈಟ್ ಬಿಲ್ಲು ಹಿಡಿದುಕೊಂಡು ಬಂದಾಗ ಶಿವಾನಿ ಬ್ಯಾಂಕಿನ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ನಲವತ್ತು ನಿಮಿಷವಾಗಿತ್ತು. ಕಿವಿಯಲ್ಲಿ ಅದೇ ಸಂಗೀತ, ನಡುನಡುವೆ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹಿಂದಿಯಲ್ಲಿ ಹೇಳುವ ಅದೇ ಹೆಂಗಸು. ಉಮರ್ಗಾದ ತಹಸೀಲ್ ಕಚೇರಿ ಎದುರಿನ ಅವಳ ಝೆರಾಕ್ಸ್ ಅಂಗಡಿಯಲ್ಲಿ ಆ ಹೊತ್ತಿಗೆ ಬೇರೆ ಗಿರಾಕಿ ಇರಲಿಲ್ಲ. ಹಾಗಾಗಿ ಸಿಟ್ಟೆಲ್ಲ ಅವನೊಬ್ಬನ ಪಾಲಿಗೆ ಬಂತು.

"ಇವತ್ತಿಂದ ಲೈಟ್ ಬಿಲ್ ಬಂದ್ ರೀ," ಎಂದಳು. "ಬಿಲ್ಲಿಗೆ ಪಾಯಿಂಟ್ ಇಲ್ಲಂತ. ಇದ್ದ ಪಾಯಿಂಟಿಗೂ ಅರ್ಧಾ ಕಿಮ್ಮತ್ತು ಮಾಡ್ಯಾರ."

ಮೂರು ವರ್ಷದಿಂದ ಆ ಸಾಲಿನ ಅಂಗಡಿಯವರು, ಓಣಿಯವರು ಬಿಲ್ಲು, ರೀಚಾರ್ಜು ಎಲ್ಲ ಅವಳ ಕೈಗೆ ಕೊಡುತ್ತಿದ್ದರು. ಅವಳು ತನ್ನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಅವರು ಕೊಟ್ಟ ನಗದನ್ನು ಬ್ಯಾಂಕಿಗೆ ತುಂಬುತ್ತಿದ್ದಳು. ಅವಳಿಗೆ ಉಳಿಯುತ್ತಿದ್ದದ್ದು ಕಾರ್ಡಿನ ಪಾಯಿಂಟು ಮಾತ್ರ. ಅದು ಕೂಡುತ್ತ ಕೂಡುತ್ತ ಹೈದರಾಬಾದಿನಿಂದ ಗುವಾಹಟಿಗೆ ಎರಡು ವಿಮಾನದ ಟಿಕೆಟ್ಟಿನಷ್ಟಾಗಿತ್ತು. ಒಂದು ಅವಳಿಗೆ, ಒಂದು ಅವ್ವ ಶಿವಕಾಂತಮ್ಮನಿಗೆ. ಗುವಾಹಟಿಯಲ್ಲಿ ಅಕ್ಕ ಸಪ್ನಾ ಇದ್ದಳು. ಗಂಡ ಮಿಲಿಟರಿಯವನು. ಮದುವೆಯಾಗಿ ಎಂಟು ವರ್ಷಕ್ಕೆ ಈಗ ಬಸುರಿ, ಎಂಟನೇ ತಿಂಗಳು. ಇಂಥ ಹೊತ್ತಿನಲ್ಲಿ ಬ್ಯಾಂಕು ರಾತ್ರೋರಾತ್ರಿ ಲೆಕ್ಕ ಬದಲಿಸಿತ್ತು.

ಉಮಾಕಾಂತ ಬಿಲ್ಲನ್ನು ಮಡಚಿದ, ಮತ್ತೆ ಬಿಚ್ಚಿದ. ನಾಲ್ಕು ಅಂಗಡಿ ಆಚೆ ಅವನದು ದನಕರುಗಳ ಔಷಧಿ ಅಂಗಡಿ. ಊರು ಗುಂಜೋಟಿ. ಮಾತು ಕಡಿಮೆ, ಆದರೆ ಅವಳು ಕಂಪ್ಯೂಟರ್ ನೋಡುವಾಗ ಅವನು ಅವಳನ್ನು ನೋಡುತ್ತಾನೆಂಬುದು ಪರದೆಯ ಗಾಜಿನಲ್ಲಿ ಅವಳಿಗೆ ಎಷ್ಟೋ ಸಲ ಕಂಡಿತ್ತು.

"ಹಂಗಾದ್ರ ನಾ ಇನ್ನ ಬರೂದು ಬ್ಯಾಡೇನ್ರಿ?" ಎಂದ.

ಅವಳಿಗೆ ಅದು ಚೇಷ್ಟೆಯಂತೆ ಕೇಳಿಸಿತು. ನನ್ನ ಕಷ್ಟ ನಿಮಗೆ ನಗೆಯಾಗಿದೆಯೇ ಎಂದು ಬಿರುಸಾಗಿಯೇ ಕೇಳಿಬಿಟ್ಟಳು. ಅವನು ಬಿಲ್ಲನ್ನು ಜೇಬಿಗಿಟ್ಟುಕೊಂಡು ಹೊರಟುಹೋದ. ಅವನು ಮೆಟ್ಟಿಲಿಳಿದ ಮೇಲೆ ಅವಳಿಗೆ ಅನಿಸಿತು, ಅವನ ಮುಖದಲ್ಲಿ ನಗೆ ಇರಲೇ ಇಲ್ಲ. ಆ ದಿನವೆಲ್ಲ ಅವಳಿಗೆ ಬ್ಯಾಂಕಿಗಿಂತ ಆ ಮುಖವೇ ಹೆಚ್ಚು ಕಾಡಿತು.

ಮರುದಿನ ಮಧ್ಯಾಹ್ನ ಅವನೇ ಬಂದ. ಕೈಯಲ್ಲಿ ಎರಡು ಹಾಳೆ. ಬ್ಯಾಂಕಿನ ನಿಯಮಗಳನ್ನು ತೆಗೆದು, ಬೇಕಾದ ಸಾಲುಗಳ ಕೆಳಗೆ ಪೆನ್ಸಿಲಿನಿಂದ ಗೀಟು ಎಳೆದಿದ್ದ. ದೂರು ಹೀಗೆ ಬರೆಯಬಹುದು ಎಂದು ತನ್ನ ಫೋನು ತೋರಿಸಿದ. ಅದರಲ್ಲಿ ಬ್ಯಾಂಕಿನಿಂದ ಅವಳಿಗೆ ಬಂದಿದ್ದಂಥದ್ದೇ ಮೆಸೇಜು ಇತ್ತು.

ಶಿವಾನಿ ಫೋನಿನಿಂದ ತಲೆ ಎತ್ತಿದಳು. "ನಿಮ್ಮ ಬಲ್ಲಿನೂ ಇದೇ ಕಾರ್ಡ್ ಅದ ಏನ್ರೀ?"

"ಅದ."

"ಎಷ್ಟು ದಿನ ಆಯ್ತು?"

"ನಾಕು ವರ್ಷ."

ಅವಳ ಕಾರ್ಡಿಗಿಂತ ಒಂದು ವರ್ಷ ಹಳೆಯದು. ಅಂದರೆ ಅವನ ಬಿಲ್ಲನ್ನು ಅವನೇ ಕಟ್ಟಿ ಪಾಯಿಂಟು ಪಡೆಯಬಹುದಿತ್ತು. ಒಂದು ದಿನವೂ ಕಟ್ಟಿರಲಿಲ್ಲ.

"ಮತ್ತ ನಿಮ್ಮ ಬಿಲ್ ನನ್ನ ಬಲ್ಲಿ ಯಾಕ ತರ್ತಿದ್ರಿ?"

ಅವನ ಕಿವಿ ಕೆಂಪಾಯಿತು. ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಏಳನೇ ನಿಯಮ ನೋಡ್ರಿ," ಎಂದ. ಅವಳು ಏಳನೇ ನಿಯಮ ನೋಡಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂದಿತ್ತು, ಅದನ್ನು ತಡೆಯುವುದರಲ್ಲೇ ಇದ್ದಳು.

ಕಾರ್ಡು ಕೊಟ್ಟದ್ದು ಉದಗೀರಿನ ಶಾಖೆ. ಸೋಮವಾರ ಇಬ್ಬರೂ ನಿಲಂಗಾ ಮೇಲೆ ಹೋಗುವ ಬಸ್ಸು ಹತ್ತಿದರು. ಜಾಗವಿದ್ದರೂ ಅವನು ಅವಳ ಹಿಂದಿನ ಸೀಟಿನಲ್ಲಿ ಕುಳಿತ. ನಿಲಂಗಾದಲ್ಲಿ ಬಸ್ಸು ತುಂಬಿತು. ಅವಳು ತನ್ನ ಬ್ಯಾಗು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಿಂದೆ ತಿರುಗಿ, ಬೇರೆ ಯಾರಾದರೂ ಕೂಡುವ ಮೊದಲು ಬರಬಾರದೇ ಎಂದಳು. ಉದಗೀರು ಬರುವ ತನಕ ಇಬ್ಬರ ನಡುವೆ ಒಂದು ಗೇಣು ಜಾಗ, ಅದರೊಳಗೆ ಆ ಬ್ಯಾಂಕಿನ ಹಾಳೆಗಳು.

ಮ್ಯಾನೇಜರು ಒಳ್ಳೆಯ ಮನುಷ್ಯ. ಚಹಾ ತರಿಸಿದ. ನಲವತ್ತು ದಿನ ಮೊದಲೇ ಈಮೇಲ್ ಕಳಿಸಿದ್ದೇವೆ, ನಿಯಮ ಮಾಡುವವರು ಮುಂಬಯಿಯಲ್ಲಿದ್ದಾರೆ ಎಂದ. ಶಿವಾನಿ ಮರಾಠಿಯಲ್ಲಿ, ದನಿ ಏರಿಸದೆ, ತಾನು ಗಳಿಸುವಾಗ ಒಂದು ಬೆಲೆ ಹೇಳಿ, ಗಳಿಸಿ ಮುಗಿದ ಮೇಲೆ ಇನ್ನೊಂದು ಬೆಲೆ ಹೇಳುವುದು ಯಾವ ವ್ಯಾಪಾರ ಎಂದು ಕೇಳಿದಳು. ಆತ ತನ್ನ ಪಾಯಿಂಟೂ ಹೋಗಿವೆ ಎಂದು ಮೆಲ್ಲಗೆ ಹೇಳಿ, ಅವರು ಬರೆದು ತಂದಿದ್ದ ದೂರಿನ ಮೇಲೆ ಬ್ಯಾಂಕಿನ ಸಿಕ್ಕಾ ಒತ್ತಿಕೊಟ್ಟ.

ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲು ಕುಡಿಯುತ್ತ ಕುಳಿತಾಗ ಅವಳ ಬಿರುಸೆಲ್ಲ ಇಳಿದುಹೋಯಿತು. ಅವನು ಕೇಳಲಿಲ್ಲ, ಅವಳೇ ಹೇಳಿದಳು.

"ತೊಂಬತ್ಮೂರರಾಗ ಭೂಕಂಪ ಆದಾಗ ಅಕ್ಕಗ ಎರಡು ವರ್ಷ. ಅವ್ವ ಆಕಿ ಮ್ಯಾಲ ಬೋರಲು ಬಿದ್ದಿದ್ಲು. ಗ್ವಾಡಿ ಅವ್ವನ ಕಾಲ ಮ್ಯಾಲ ಬಿತ್ತು. ಅಕ್ಕಗ ಒಂದು ಗೀರು ಇಲ್ಲ. ಆ ಕಾಲು ತಕ್ಕೊಂಡು ಮೂರು ದಿನ ರೈಲಿನಾಗ ಅವ್ವ ಹ್ಯಾಂಗ ಕುಂದರ್ತಾಳ? ಆದ್ರ ಮಗಳ ಬಾಳಂತನಕ್ಕ ನಾ ಇರಬೇಕಂತ ದಿನಾ ಒಂದೇ ಮಾತು."

ಉಮಾಕಾಂತ ಗ್ಲಾಸು ಕೆಳಗಿಟ್ಟ. ಎರಡನೆಯ ಟಿಕೆಟ್ಟು ತಾನು ತೆಗೆಸಿಕೊಡುತ್ತೇನೆ ಎಂದ.

"ಬ್ಯಾಡ್ರಿ," ಎಂದಳು. "ನಿಮ್ಮ ರೊಕ್ಕದಾಗ ಹೋದ್ರ, ನಾಳಿ ನಿಮ್ಮ ಮ್ಯಾಲ ಸಿಟ್ಟು ಮಾಡ್ಲಾಕ ನನಗ ಹಕ್ಕಿರಂಗಿಲ್ಲ."

"ಹಂಗಾದ್ರ ಬ್ಯಾಡ," ಎಂದ ಅವನು, ತಕ್ಷಣ.

ಅವಳು ಅವನನ್ನು ನೇರವಾಗಿ ನೋಡಿದಳು. ಈ ಸಲ ನಡುವೆ ಕಂಪ್ಯೂಟರಿನ ಗಾಜಿರಲಿಲ್ಲ. ಮೊದಲು ಕಣ್ಣು ತೆಗೆದವನು ಅವನೇ.

ಹದಿನೈದು ದಿನಕ್ಕೆ ಬ್ಯಾಂಕಿನ ಉತ್ತರ ಬಂತು. ವಿಷಾದಿಸುತ್ತೇವೆ, ಬದಲಾವಣೆ ಸಾಧ್ಯವಿಲ್ಲ. ಉಳಿದ ಪಾಯಿಂಟು ಸರಿಯಾಗಿ ಒಬ್ಬರ ಟಿಕೆಟ್ಟಿಗೆ ಸಾಕಾಗುತ್ತಿತ್ತು. ಶಿವಾನಿ ಆ ಸಂಜೆ ಒಲೆಯ ಮುಂದೆ ಕುಳಿತು ಅತ್ತಳು. ಶಿವಕಾಂತಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟು, ಒಂದಾದರೂ ಇದೆಯಲ್ಲ, ತಾನೊಬ್ಬಳೇ ಹೋಗುತ್ತೇನೆ ಎಂದಳು. ಹೈದರಾಬಾದನ್ನೂ ನೋಡದ ಅವ್ವ, ಗುಲಬರ್ಗಾಕ್ಕೆ ಹೋಗಲು ಎರಡು ಸಲ ಯೋಚಿಸುವ ಅವ್ವ. ಶಿವಾನಿ ಕಣ್ಣೊರೆಸಿಕೊಂಡು ಟಿಕೆಟ್ ಬುಕ್ ಮಾಡಿದಳು, ವ್ಹೀಲ್‌ಚೇರ್ ಬೇಕೆಂದೂ ಬರೆದಳು.

ಹೋಗುವ ದಿನ ಬೆಳಗಿನ ಐದಕ್ಕೆ ಉಮಾಕಾಂತನ ಪಿಕಪ್ಪು ಬಾಗಿಲಿಗೆ ಬಂತು. ಬಾಡಿಗೆ ಕಾರು ಯಾಕೆ, ಹೇಗೂ ಔಷಧಿ ತರಲು ಹೈದರಾಬಾದಿಗೆ ಹೋಗುವುದಿದೆ ಎಂದು ಅವನು ಹೇಳಿದ್ದ. ಅವ್ವನ ಕಾಲಿನ ಕೆಳಗೆ ತನ್ನ ಮನೆಯ ಕರಿ ಕಂಬಳಿ ಮಡಚಿ ಹಾಕಿದ. ಮುಂದೆ ಮೂರೇ ಜನರ ಜಾಗ. ಕಿಟಕಿಗೆ ಅವ್ವ, ನಡುವೆ ಶಿವಾನಿ. ಗೇರು ಹಾಕುವಾಗಲೆಲ್ಲ ಅವನು ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದ. ಲಾರಿಗಳ ಹಿಂದೆ ಗೇರು ಬದಲಿಸಬೇಕಾದಲ್ಲೂ ಬದಲಿಸದೆ ಇಂಜಿನ್ನು ಗೊಣಗುವಂತೆ ಮಾಡುತ್ತಿದ್ದ. ಅವ್ವ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು.

ಏರ್‌ಪೋರ್ಟಿನಲ್ಲಿ ಶಿವಾನಿ ಟಿಕೆಟ್ಟು ಹಿಡಿದು ವ್ಹೀಲ್‌ಚೇರ್ ವಿಚಾರಿಸಲು ಹೋದಾಗ, ಅವ್ವ ಉಮಾಕಾಂತನ ಕೈ ಹಿಡಿದು ಏನೋ ಹೇಳುತ್ತಿದ್ದುದು ದೂರದಿಂದ ಕಂಡಿತು. ಆಮೇಲೆ ಅವ್ವ ಕುರ್ಚಿಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, ಒಮ್ಮೆಯೂ ಹಿಂದೆ ನೋಡದೆ ಒಳಗೆ ಹೋದಳು.

ಔಷಧಿ ತುಂಬಿಕೊಂಡು ವಾಪಸು ಹೊರಟು ಝಹೀರಾಬಾದ್ ದಾಟಿದರು. ರಸ್ತೆ ಬದಿಯ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಬೇವಿನ ನೆರಳಿನ ಬೆಂಚಿಗೆ ಚಹಾ ಹೇಳಿದ ಮೇಲೆ ಉಮಾಕಾಂತನೇ ಶುರುಮಾಡಿದ.

"ನಿಮ್ಮ ಅವ್ವೋರು ಒಂದು ಮಾತು ಕೇಳಿದ್ರು. ತಮ್ಮಾ, ಇಷ್ಟೆಲ್ಲಾ ಮಾಡ್ಲಾಕತ್ತಿ, ಬಾಯಿ ಬಿಟ್ಟು ಯಾವಾಗ ಹೇಳ್ತಿ ಅಂತ."

ಶಿವಾನಿ ಆಗಷ್ಟೇ ಬಂದ ಚಹಾದ ಗ್ಲಾಸನ್ನು ಬೆಂಚಿನ ಮೇಲಿಟ್ಟಳು.

"ನಮ್ಮದು ಕುರಿ ಮನಿ ರೀ. ಅಪ್ಪ ಇನ್ನಾ ಕುರಿ ಹಿಂದ ಅಡವಿಗಿ ಹೋಗ್ತಾನ. ನಾವು ಬೀರಪ್ಪನ ಒಕ್ಕಲು. ನಿಮ್ಮ ಮಂದಿ ಒಪ್ತಾರೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ನನಗ ನೀವು ಬೇಕು. ದಿನಾ ಬೇಕು."

ಅವಳು ಹೈವೇ ಕಡೆ ತಿರುಗಿದಳು. "ಅವ್ವನ್ನ ಬಿಟ್ಟು ನಾ ಎಲ್ಲೂ ಬರಂಗಿಲ್ಲ," ಎಂದಳು.

"ಬಿಟ್ಟು ಬರ್ರಿ ಅಂದವರ್ಯಾರು?"

ಅಷ್ಟರಲ್ಲಿ ಫೋನು ಬಂತು. ಅವ್ವ ಗುವಾಹಟಿಯಲ್ಲಿ ಇಳಿದಿದ್ದಳು, ಅಳಿಯ ಪಕ್ಕದಲ್ಲೇ ಇದ್ದ. ಮೋಡ ಕಾಲ ಕೆಳಗೆ ಇದ್ದವು, ಹಿಂಜಿದ ಅರಳೆಯ ಹಾಗೆ, ತನಗೆ ಒಂಚೂರೂ ಹೆದರಿಕೆಯಾಗಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಉಮಾಕಾಂತ ಎಲ್ಲಿದ್ದಾನೆ ಎಂದು ಕೇಳಿದಳು.

ಶಿವಾನಿ ಪಕ್ಕಕ್ಕೆ ನೋಡಿದಳು. ಅವನು ಚಹಾ ಮುಟ್ಟದೆ ಕುಳಿತಿದ್ದ.

"ಇಲ್ಲೇ ಅದಾನವ್ವ," ಎಂದಳು. "ನನ್ನ ಬಾಜೂಕ ಕುಂತಾನ."

ಇಷ್ಟು ವರ್ಷ ಅವಳ ಬಾಯಲ್ಲಿ ಅವನು ಒಂದು ದಿನವೂ 'ಅದಾನ', 'ಕುಂತಾನ' ಆಗಿರಲಿಲ್ಲ. ಉಮಾಕಾಂತ ಮೆಲ್ಲಗೆ ಅವಳ ಕಡೆ ತಿರುಗಿದ. ಕೇಳಿದ್ದು ಖರೆಯೋ ಎಂಬಂತೆ ನೋಡಿದ. ಅವಳು ಫೋನು ಇಟ್ಟು, ಅವನ ಗ್ಲಾಸನ್ನು ಅವನ ಕಡೆ ಸರಿಸಿದಳು.

"ಆರಿ ಹೋಗ್ತದ, ಕುಡಿ," ಎಂದಳು. "ಆಮ್ಯಾಲ ಮೊದಲ ಗುಂಜೋಟಿಗಿ ಹೋಗಮು. ನಿಮ್ಮವ್ವಗ ನಾನೇ ಹೇಳ್ತೀನಿ."